ಶಾಲೆ ಮಕ್ಕಳಿಗೆ ತೋಡಿನ (ಸಣ್ಣ ಹಳ್ಳದ) ನೀರು ಪರೀಕ್ಷೆ ಕಲಿಸಿ, ಅವರಿಂದಲೇ ಊರವರಿಗೆ ಹೇಳಿಸಿದರೆ ತೋಡು ಸರಿಯಾಗುತ್ತಾ? ಯಾವ ಕಿಟ್ ಕೊಳ್ಳಬೇಕು?

ಮಕ್ಕಳಿಂದ ಹೇಳಿಸಬೇಡಿ. ಮಿಕ್ಕಿದ್ದೆಲ್ಲ ಮಾಡಿ, ಇದೊಂದು ಬೇಡ.

ಡಿಸೆಂಬರ್ ಬಂದರೆ ನಿಮ್ಮೂರ ತೋಡು ನಾರುತ್ತದೆ, ದೊಡ್ಡವರಿಗೆ ಹೇಳಿ ಸಾಕಾಗಿದೆ, ಮಕ್ಕಳ ಮಾತಿಗೆ ಯಾರೂ ಎದುರು ಹೇಳಲ್ಲ ಅಂತ ಬರೆದಿದ್ದೀರಿ. ನಾನೂ ಹೀಗೇ ಲೆಕ್ಕ ಹಾಕಿದ್ದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆಗ ನಾನು ಮಡಿಕೇರಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ವಿಜ್ಞಾನದ ಅತಿಥಿ ಶಿಕ್ಷಕಿ. ಮನೆಯಲ್ಲಿ ಸ್ವಲ್ಪ ಕಾಫಿ ತೋಟ, ಕೆಳಗೆ ಒಂದು ತುಂಡು ಗದ್ದೆ. 2018ರ ಆಗಸ್ಟ್‌ನಲ್ಲಿ ಬೆಟ್ಟ ಜಾರಿದ್ದನ್ನು ಕಣ್ಣಾರೆ ಕಂಡ ಮಕ್ಕಳು ನನ್ನ ಕ್ಲಾಸಿನಲ್ಲಿದ್ದರು. ಮಳೆ ಜೋರಾದರೆ ಪುಸ್ತಕ ಬಿಟ್ಟು ಕಿಟಕಿ ಕಡೆ ನೋಡುತ್ತಿದ್ದರು. ನೀರು ಅಂದರೆ ಭಯ ಅನ್ನುವುದಷ್ಟೇ ಅವರ ತಲೆಯಲ್ಲಿ ಉಳಿಯಬಾರದು ಅಂತ ಅವರನ್ನು ತೋಡಿಗೆ ಕರೆದುಕೊಂಡು ಹೋಗಲು ಶುರು ಮಾಡಿದೆ.

ಮೊದಲು ಹೇಳಿಕೊಟ್ಟದ್ದು ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು. ನಮ್ಮ ಕಡೆ ಬಿದ್ದ ಮಳೆ ಈ ತೋಡು ಹಿಡಿದು ಹಾರಂಗಿಗೆ ಹೋಗುತ್ತದೆ. ಹಾರಂಗಿ ಕೂಡಿಗೆ ಹತ್ತಿರ ಕಾವೇರಿ ಸೇರುತ್ತದೆ. ಅಲ್ಲಿಂದ ಕನ್ನಂಬಾಡಿ, ಮುಂದೆ ಬೆಂಗಳೂರಿನ ನಲ್ಲಿಗಳು, ತಮಿಳುನಾಡಿನ ಗದ್ದೆಗಳು, ಕೊನೆಗೆ ಬಂಗಾಳ ಕೊಲ್ಲಿ. ಅದೇ ಬೆಟ್ಟಸಾಲಿನ ಆಚೆ, ಸಂಪಾಜೆ ಕಡೆ ಬಿದ್ದ ಮಳೆ ಪಯಸ್ವಿನಿಯಾಗಿ ಸುಳ್ಯ ದಾಟಿ, ಕಾಸರಗೋಡಿನ ಹತ್ತಿರ ಅರಬ್ಬೀ ಸಮುದ್ರ ಸೇರುತ್ತದೆ. ನೆಂಟರ ಮನೆಗೆ ಸುಳ್ಯಕ್ಕೆ ಹೋಗುವ ಒಬ್ಬಳು ಹುಡುಗಿ, ‘ಹಾಗಾದ್ರೆ ಅವರ ಮನೆ ನೀರು ಬೇರೆ ಸಮುದ್ರದ್ದಾ ಟೀಚರ್?’ ಅಂತ ಕೇಳಿದಳು. ಇಷ್ಟು ಚೆನ್ನಾಗಿ ಅರ್ಥವಾಗುವ ಪಾಠ ಪುಸ್ತಕದಲ್ಲಿ ನನಗೆ ಸಿಕ್ಕಿಲ್ಲ.

ಆಮೇಲೆ ಕಲ್ಲು ಎತ್ತುವುದು. ಹರಿಯುವ ನೀರಿನಿಂದ ಅಂಗೈಯಗಲದ ಕಲ್ಲು ತೆಗೆದು ತಿರುಗಿಸಿ, ಬಿಳಿ ತಟ್ಟೆಯಲ್ಲಿ ತೊಳೆಯಬೇಕು. ಮೊದಲು ಏನೂ ಕಾಣಲ್ಲ. ಒಂದು ನಿಮಿಷ ಸುಮ್ನೆ ಕಾದರೆ ತಟ್ಟೆಯಲ್ಲಿ ಪುಟ್ಟ ಹುಳುಗಳು ಓಡಾಡಲು ಶುರು ಮಾಡುತ್ತವೆ. ಚಪ್ಪಟೆ ಮೈ, ಹಿಂದೆ ಕೂದಲಿನಂಥ ಮೂರು ಬಾಲ ಇದ್ದರೆ ಅದು ಮೇಫ್ಲೈ ಮರಿ. ಎರಡು ಬಾಲದ್ದು ಸಾಮಾನ್ಯವಾಗಿ ಸ್ಟೋನ್‌ಫ್ಲೈ. ಮರಳಿನ ಕಣಗಳನ್ನು ಅಂಟಿಸಿ ಕೊಳವೆ ಕಟ್ಟಿ ಒಳಗೆ ಕೂತಿರುವುದು ಕ್ಯಾಡಿಸ್. ಇವಕ್ಕೆಲ್ಲ ನೀರಿನಲ್ಲಿ ಆಮ್ಲಜನಕ ಜಾಸ್ತಿ ಬೇಕು. ಇವು ಇದ್ದರೆ ನೀರು ಚೆನ್ನಾಗಿದೆ ಅಂತಲೇ ಲೆಕ್ಕ. ಇವು ಹೋಗಿ ಕೆಸರಿನಲ್ಲಿ ಕೆಂಪು ದಾರದಂಥ ಹುಳು ಮಾತ್ರ ಉಳಿದಿದ್ದರೆ ಆಮ್ಲಜನಕ ಮುಗಿಯುತ್ತಾ ಬಂದಿದೆ.

ಅರೇಬಿಕಾ ಕಾಫಿ ಕೊಯ್ಲು ಶುರುವಾದ ಮೇಲೆ ಶಾಲೆಯ ಕೆಳಗಿನ ತೋಡಿನಲ್ಲಿ ಆದದ್ದೂ ಅದೇ. ಕಲ್ಲಿಗೆಲ್ಲ ಬೂದು ಬಣ್ಣದ ಲೋಳೆ, ಹುಳಿ ವಾಸನೆ. ಪಿಎಚ್ ಪೇಪರ್ ಅದ್ದಿದರೆ ಆಮ್ಲದ ಬಣ್ಣ. ಮಕ್ಕಳು ತೋಡಿನ ಉದ್ದಕ್ಕೂ ಹೋಗಿ, ಯಾವ ಜಾಗದಿಂದ ಮೇಲೆ ಹುಳು ಇವೆ, ಯಾವ ಜಾಗದಿಂದ ಕೆಳಗೆ ಇಲ್ಲ ಅಂತ ಪತ್ತೆ ಮಾಡಿದರು. ಅಲ್ಲಿ ಒಂದು ದೊಡ್ಡ ತೋಟದ ಪಲ್ಪರ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರದ ನೀರು, ಬಂದು ಸೇರುತ್ತಿತ್ತು. ಡ್ರಾಯಿಂಗ್ ಶೀಟಿನಲ್ಲಿ ನಕ್ಷೆ ಬರೆದು, ಆ ಜಾಗಕ್ಕೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿದರು. ನಮ್ಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆ ಹತ್ತಿರ ಬಂದಿತ್ತು. ಅಲ್ಲೇ ಓದಿಸೋಣ ಅಂದೆ. ಚೆನ್ನಾಗಿ ಮಾತಾಡುವ ಏಳನೇ ಕ್ಲಾಸಿನ ಹುಡುಗನನ್ನು ನಾನೇ ಆರಿಸಿದೆ.

ಅವನು ಒಂದು ಮಾತೂ ತಪ್ಪದೆ ಓದಿದ. ಪಿಡಿಒ ಚಪ್ಪಾಳೆ ತಟ್ಟಿದರು. ಫೋಟೋ ಊರಿನ ವಾಟ್ಸ್‌ಆ್ಯಪ್ ಗುಂಪುಗಳಿಗೆಲ್ಲ ಹೋಯಿತು.

ಸಂಜೆ ಆ ತೋಟದ ರೈಟರ್ (ಲೆಕ್ಕ, ಆಳು ನೋಡಿಕೊಳ್ಳುವವರು) ಕೂಲಿಯವರ ಲೈನ್ ಮನೆಗೆ ಹೋಗಿ ಹುಡುಗನ ತಾಯಿಯನ್ನು ಕೇಳಿದರಂತೆ: ‘ನಿನ್ ಮಗ ಸಭೆಯಲ್ಲಿ ಏನೋ ಹೇಳಿದ್ನಂತೆ?’ ಬೈಯಲಿಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. ಕೇಳಿದರು, ಅಷ್ಟೇ. ಮಾರನೆಯ ದಿನ ಆಕೆ ಶಾಲೆಗೆ ಬಂದು, ‘ಅವನನ್ನ ಇದಕ್ಕೆಲ್ಲ ಸೇರಿಸಬೇಡಿ ಟೀಚರ್’ ಅಂದರು. ಸ್ವಲ್ಪ ದಿನಕ್ಕೆ ಆ ಮನೆಯವರು ಬೇರೆ ತೋಟಕ್ಕೆ ಹೋದರು, ಹುಡುಗನ ಶಾಲೆಯೂ ಬದಲಾಯಿತು. ಉಳಿದ ಮಕ್ಕಳನ್ನು ಅವರ ಮನೆಯವರು ತೋಡಿಗೆ ಕಳಿಸಲಿಲ್ಲ. ಮುಖ್ಯ ಶಿಕ್ಷಕರು ಮೊದಲು ಸಿಲೆಬಸ್ ಮುಗಿಸಿ ಅಂದರು. ಅಲ್ಲಿಗೆ ಎಲ್ಲ ನಿಂತಿತು.

ತಪ್ಪು ಎಲ್ಲಿ ಆಯಿತು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಅದೇ ಜಾಗಕ್ಕೆ ಬರುತ್ತಿದ್ದೀರಿ. ಪರೀಕ್ಷೆಯಲ್ಲಿ ತಪ್ಪಿರಲಿಲ್ಲ. ನಕ್ಷೆ ಸರಿಯಾಗಿತ್ತು. ಗ್ರಾಮಸಭೆಯೂ ಮಕ್ಕಳು ಮಾತಾಡಲಿ ಅಂತಲೇ ಇರುವುದು. ದೊಡ್ಡವಳಾದ ನಾನು ಹೇಳಬೇಕಾದ ದೂರನ್ನು ಒಬ್ಬ ಹುಡುಗನ ಬಾಯಲ್ಲಿ ಹೇಳಿಸಿದೆ. ಸಭೆ ಮುಗಿದ ಮೇಲೆ ಅವನು ವಾಪಸ್ ಹೋಗಬೇಕಾದದ್ದು ಯಾರ ಮನೆಗೆ? ಆ ಲೈನ್ ಮನೆ ತೋಟದ್ದು. ಅವನ ತಾಯಿಯ ಕೂಲಿ ತೋಟದ್ದು. ಕೈಸಾಲ ಅಂತ ಮುಂಗಡ ತೆಗೆದುಕೊಂಡಿದ್ದರೆ ಅದೂ ತೋಟದ್ದೇ. ಇದೆಲ್ಲ ನನಗೆ ಗೊತ್ತಿಲ್ಲದ ವಿಷಯ ಅಲ್ಲ, ನಾನು ಇದೇ ಊರಿನವಳು. ಆದರೂ ಅವನ ಗಂಟಲು ಚೆನ್ನಾಗಿದೆ ಅನ್ನುವುದನ್ನು ಮಾತ್ರ ನೋಡಿದೆ.

ನಾನೇ ಎದ್ದು ನಿಂತು ಹೇಳಿದ್ದರೆ ಏನಾಗುತ್ತಿತ್ತು? ಹೆಚ್ಚೆಂದರೆ ಆ ಮಾಲೀಕರು ನನ್ನ ಜೊತೆ ಮಾತು ಬಿಡುತ್ತಿದ್ದರು. ಇಲ್ಲ ಎದುರು ವಾದ ಮಾಡುತ್ತಿದ್ದರು. ಮಕ್ಕಳ ಮಾತಿಗೆ ಯಾರೂ ಎದುರು ಹೇಳಲ್ಲ ಅಂದಿರಲ್ಲ, ಅದು ನಿಜವೇ. ಹನ್ನೆರಡು ವರ್ಷದ ಹುಡುಗನ ಜೊತೆ ತುಂಬಿದ ಸಭೆಯಲ್ಲಿ ಯಾರು ವಾದ ಮಾಡುತ್ತಾರೆ? ಹಾಗಾಗಿ ಸಭೆಯಲ್ಲಿ ಸುಮ್ಮನಿದ್ದು, ಸಂಜೆ ತಾಯಿಯ ಹತ್ತಿರ ಹೋಗುತ್ತಾರೆ. ಎದುರು ಹೇಳಲು ಆಗದ ಹಾಗೆ ಮಾಡಿದ್ದು ನಾನೇ.

ಇನ್ನೂ ಒಂದಿದೆ. ಆ ನಕ್ಷೆಯಲ್ಲಿ ನಮ್ಮ ಮನೆ ಪಲ್ಪರ್ ಇರಲಿಲ್ಲ. ನಮ್ಮದು ಚಿಕ್ಕದು, ಆ ನೀರು ಗದ್ದೆ ಬದಿಯ ಗುಂಡಿಗೆ ಹೋಗುತ್ತಿತ್ತು, ಗುಂಡಿ ತುಂಬಿದರೆ ತೋಡಿಗೆ. ಚಿಕ್ಕದು ಅಂತ ಬಿಟ್ಟಿದ್ದೆ. ಮಕ್ಕಳು ಕೇಳಿರಲಿಲ್ಲ, ನಾನೂ ತೋರಿಸಿರಲಿಲ್ಲ.

ಮುಂದಿನ ವರ್ಷ ಅಲ್ಲಿಂದಲೇ ಶುರು ಮಾಡಿದೆವು. ಪಲ್ಪಿಂಗ್ ನೀರು ವಿಷ ಅಂತ ಜನ ಹೇಳುತ್ತಾರೆ, ಅದು ಸರಿಯಲ್ಲ. ಹಣ್ಣಿನ ಸಿಪ್ಪೆ ತೆಗೆದ ಮೇಲೆ ಬೀಜದ ಮೇಲೆ ಇರುವ ಲೋಳೆಯಲ್ಲಿ ಸಕ್ಕರೆ ಇರುತ್ತದೆ. ಅದು ನೀರಿಗೆ ಇಳಿದು ಹುಳಿಯಾಗುತ್ತದೆ. ಆ ಸಕ್ಕರೆ ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತವೆ. ಮೀನು, ಹುಳು ಉಸಿರು ಕಟ್ಟಿ ಸಾಯುತ್ತವೆ. ಹಾಗಾಗಿ ಅದನ್ನು ತೋಡಿಗೆ ಬಿಡದೆ ತಡೆದು ನಿಲ್ಲಿಸಬೇಕು, ಸುಣ್ಣ ಹಾಕಿ ಹುಳಿ ತೆಗೆಯಬೇಕು, ತಿಳಿಯಾಗಲು ಬಿಡಬೇಕು. ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಹಾಕಬೇಕು. ನಾವು ತೋಡಿನಿಂದ ದೂರ, ತಳ ಸೋರದ ಹಾಗೆ ಎರಡು ತೊಟ್ಟಿ ಮಾಡಿದೆವು. ಒಂದು ಪಾಲು ಹಣ್ಣನ್ನು ಪಲ್ಪ್ ಮಾಡದೆ ಚೆರಿಯಾಗಿಯೇ, ಅಂದರೆ ಸಿಪ್ಪೆ ಸಮೇತ, ಕಣದಲ್ಲಿ ಒಣಗಿಸಿದೆವು. ಪಲ್ಪ್ ಮಾಡಿ ಒಣಗಿಸಿದ ಪಾರ್ಚ್‌ಮೆಂಟ್‌ಗೆ ಸಿಗುವ ರೇಟು ಚೆರಿಗೆ ಸಿಗಲ್ಲ, ಅದು ನಷ್ಟವೇ. ಆದರೆ ಚೆರಿ ಮಾಡಿದರೆ ಈ ನೀರೇ ಹುಟ್ಟಲ್ಲ.

ಆಮೇಲೆ ಸೆಪ್ಟೆಂಬರ್‌ನಲ್ಲಿ, ಊರಿನ ಒಬ್ಬ ಹಿರಿಯರನ್ನು ಕರೆದುಕೊಂಡು ಆ ದೊಡ್ಡ ತೋಟದ ಮಾಲೀಕರ ಮನೆಗೆ ಹೋದೆ. ಮಕ್ಕಳಿಲ್ಲ, ನಕ್ಷೆ ಇಲ್ಲ. ಅವರು ಕಾಫಿ ಕೊಟ್ಟು ತೊಟ್ಟಿಯ ಹತ್ತಿರ ಕರೆದುಕೊಂಡು ಹೋದರು. ಗೋಡೆ ಹಿಂದಿನ ಮಳೆಗಾಲದಲ್ಲಿ ಬಿರುಕು ಬಿಟ್ಟಿತ್ತು. ‘ಆವತ್ತೇ ನನ್ನ ಹತ್ರ ಬಂದಿದ್ರೆ ತೋರಿಸ್ತಿದ್ದೆ ಅಲ್ವಾಮ್ಮಾ’ ಅಂದರು. ನನಗೆ ಉತ್ತರ ಇರಲಿಲ್ಲ. ಆ ಹುಡುಗನ ಮನೆಯವರ ವಿಷಯ ಎತ್ತಿದೆ. ಅದಕ್ಕೆ ಅವರು ಏನೂ ಹೇಳಲಿಲ್ಲ. ಕೊಯ್ಲಿಗೆ ಮುಂಚೆ ಗೋಡೆ ರಿಪೇರಿ ಆಯಿತು. ರೈಟರ್ ನಮ್ಮ ಮನೆಗೆ ಬಂದು, ಸುಣ್ಣ ಎಷ್ಟು ಹಾಕ್ತೀರ ಅಂತ ಕೇಳಿಕೊಂಡು ಹೋದರು. ತೋಡು ಈಗ ಪೂರ್ತಿ ಚೊಕ್ಕ ಅಂತ ಹೇಳಲಾರೆ. ಜನವರಿಯಲ್ಲಿ ಇವತ್ತಿಗೂ ವಾಸನೆ ಇದೆ, ಕಡಿಮೆ. ಮೂರು ಬಾಲದ ಮರಿಗಳು ಕೆಳಗೂ ಸಿಗುತ್ತವೆ, ಮೇಲಿನಷ್ಟಿಲ್ಲ.

ಹಾಗಾಗಿ ನೀವು ಮೊದಲು ಮೇಲಿನ ತೋಟಗಳಿಗೆ ಹೋಗಿ. ನೀವೇ ಹೋಗಿ, ಹೋದರೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೋಗಿ. ಕೊಯ್ಲು ಶುರುವಾದ ಮೇಲೆ ಯಾರ ಹತ್ತಿರವೂ ಆಳಿಲ್ಲ, ಯಾರೂ ತೊಟ್ಟಿ ಕಟ್ಟಲ್ಲ. ಎಷ್ಟು ಹೇಳಿದರೂ ಕೇಳದಿದ್ದರೆ ಪಂಚಾಯಿತಿಗೋ ಮಾಲಿನ್ಯ ನಿಯಂತ್ರಣ ಮಂಡಳಿಗೋ ನಿಮ್ಮ ಹೆಸರಿನಲ್ಲಿ ಅರ್ಜಿ ಬರೆಯಿರಿ. ಶಾಲೆಯ ಹೆಸರು, ಮಕ್ಕಳ ಸಹಿ ಬೇಡ.

ಹಾಗಾದರೆ ಮಕ್ಕಳು ಏನು ಮಾಡಬೇಕು ಅಂತೀರಾ? ಅಳೆಯಬೇಕು. ವರ್ಷಗಟ್ಟಲೆ ಅಳೆಯಬೇಕು. ನಮ್ಮ ಕೊಡಗಿನಲ್ಲಿ ಇದಕ್ಕೆ ಒಂದು ಒಳ್ಳೆಯ ಅನುಕೂಲ ಇದೆ. ಇಲ್ಲಿ ಮಳೆ ಅಳೆಯುವುದು ಮನೆಮನೆಯ ಅಭ್ಯಾಸ. ‘ನಿನ್ನೆ ನಿಮ್ಮಲ್ಲಿ ಎಷ್ಟು?’ ಅಂದರೆ ‘ಎರಡು ಇಂಚು ಹತ್ತು ಸೆಂಟ್’ ಅಂತ ಉತ್ತರ ಬರುತ್ತದೆ. ಒಂದು ಇಂಚಿಗೆ 100 ಸೆಂಟ್, ಮಿಲಿಮೀಟರ್‌ನಲ್ಲಿ 25.4. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಇಷ್ಟು ಹೇಳಿಕೊಟ್ಟರೆ ಶಾಲೆಯ ಹೆಂಚಿನ ಮಾಡಿನ ಮೇಲೆ ಒಂದು ರಾತ್ರಿ ಎಷ್ಟು ಲೀಟರ್ ಬಿತ್ತು ಅಂತ ಆರನೇ ಕ್ಲಾಸಿನವರು ತಾವೇ ಲೆಕ್ಕ ಹಾಕುತ್ತಾರೆ. ನನ್ನ ಜೊತೆ ಬಂದ ಹಿರಿಯರ ಮನೆಯಲ್ಲಿ ಅವರ ತಂದೆಯ ಕಾಲದ ಮಳೆ ಲೆಕ್ಕದ ಪುಸ್ತಕ ಇದೆ. ಮಕ್ಕಳು ಅದರ ಮುಂದೆ ಕೂತು ತಮ್ಮ ತಿಂಗಳ ಲೆಕ್ಕವನ್ನು ಹಳೆಯದರ ಜೊತೆ ಹೋಲಿಸಿದರು. ನಿಮ್ಮೂರಲ್ಲೂ ಅಂಥ ಪುಸ್ತಕ ಖಂಡಿತ ಇರುತ್ತದೆ, ಕೇಳಿ ನೋಡಿ.

ಇನ್ನೊಂದು, ಬಾಟಲಿ ಪರೀಕ್ಷೆ. ಮಳೆ ಶುರುವಾದಾಗ ತೋಡಿನ ಮೇಲ್ಭಾಗ, ಕೆಳಭಾಗ ಎರಡೂ ಕಡೆಯ ನೀರು ಒಂದೇ ಹೊತ್ತಿಗೆ ಬಾಟಲಿಗೆ ತುಂಬಿಸಿ ಕಿಟಕಿಯಲ್ಲಿಡಿ. ಆ ನೀರು ದೊಡ್ಡವರು ದಡದಿಂದ ತರಬೇಕು, ಆಗ ಮಕ್ಕಳು ತೋಡಿನ ಹತ್ತಿರ ಹೋಗಬಾರದು. ಮಾರನೆಯ ದಿನ ತಳದಲ್ಲಿ ನಿಂತ ಮಣ್ಣನ್ನು ಸ್ಕೇಲ್ ಇಟ್ಟು ಅಳೆಯಲಿ. ಮಣ್ಣು ಎಲ್ಲಿಂದ ಬಂತು ಅಂತ ಅವರೇ ಕೇಳುತ್ತಾರೆ. ಹೊಸದಾಗಿ ಗುಡ್ಡ ಕಡಿದ ರಸ್ತೆ, ಮರ ತೆಗೆದ ಇಳಿಜಾರು, ಒಡ್ಡು ಒಡೆದ ಪಾಳು ಗದ್ದೆ, ಎಲ್ಲ ಅವರಿಗೆ ಗೊತ್ತಿರುವ ಜಾಗಗಳೇ. ಗದ್ದೆಯನ್ನಂತೂ ತೋರಿಸಲೇಬೇಕು. ನಮ್ಮ ಕಣಿವೆಗಳಲ್ಲಿ ಮಳೆ ನೀರು ನಿಂತು ಇಂಗುವ ಜಾಗ ಅದು. ಕೂಲಿ ಕಟ್ಟಲಾಗದೆ ಎಷ್ಟೋ ಮನೆಯವರು ಗದ್ದೆ ಬಿಟ್ಟಿದ್ದಾರೆ. ಯಾಕೆ ಬಿಟ್ಟಿರಿ ಅಂತ ಮಕ್ಕಳು ಅಜ್ಜ ಅಜ್ಜಿಯನ್ನು ಕೇಳಿ ಬರೆದುಕೊಂಡು ಬರಲಿ. ಅದರಿಂದ ಯಾರಿಗೂ ತೊಂದರೆ ಇಲ್ಲ.

ಜೂನ್ 5ರ ಪರಿಸರ ದಿನಕ್ಕೆ ಸಸಿ ನೆಟ್ಟು ಫೋಟೋ ಹಾಕುವುದು ನನಗೆ ಇಷ್ಟವಿಲ್ಲ. ಕೊಡಗಿನಲ್ಲಿ ಮರಕ್ಕೇನು ಬರ? ತೋಟದ ಹಳೆಯ ಕಾಡುಮರ ಕಡಿದು ಬರೀ ಸಿಲ್ವರ್ ಓಕ್ ಮರ ನೆಡುತ್ತಿದ್ದೇವೆ, ಮಾತಾಡುವುದಾದರೆ ಅದನ್ನು ಮಾತಾಡಿ. ಸಸಿ ನೆಡುವ ಬದಲು ಹತ್ತಿರದ ದೇವರಕಾಡಿಗೆ ಕರೆದುಕೊಂಡು ಹೋಗಿ, ತರಗೆಲೆ ಸರಿಸಿ ಮಣ್ಣು ಮುಟ್ಟಿಸಿ. ಏಪ್ರಿಲ್‌ನಲ್ಲೂ ಕೈಗೆ ತಂಪು ಹತ್ತುತ್ತದೆ.

ಕಿಟ್ ವಿಷಯಕ್ಕೆ ಬರುತ್ತೇನೆ. ರಾಸಾಯನಿಕದ ದುಬಾರಿ ಕಿಟ್ ಬೇಡ. ಅದರ ದ್ರಾವಣಗಳಿಗೆ ಎಕ್ಸ್‌ಪೈರಿ ಇರುತ್ತದೆ, ಮುಗಿದ ಮೇಲೆ ಮತ್ತೆ ತರಿಸಲು ಶಾಲೆಯಲ್ಲಿ ದುಡ್ಡಿರಲ್ಲ. ಒಂದು ಒಳ್ಳೆಯ ಮಳೆಮಾಪಕ, ಪಿಎಚ್ ಪೇಪರ್, ಎರಡು ಬಿಳಿ ತಟ್ಟೆ, ಟೀ ಸೋಸುವ ಜಾಲರಿ, ಒಂದೆರಡು ಲೆನ್ಸ್, ಗಟ್ಟಿ ರಟ್ಟಿನ ನೋಟ್‌ಬುಕ್. ಇಷ್ಟು ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳನ್ನು ನೀರಿಗೆ ಇಳಿಸಲೇಬೇಡಿ. ಮಿಕ್ಕ ತಿಂಗಳಲ್ಲೂ ಆನೆ ಯಾವ ತೋಟದಲ್ಲಿದೆ ಅಂತ ಬೆಳಿಗ್ಗೆ ಕೇಳಿಕೊಂಡೇ ಹೊರಡಿ. ಪಕ್ಕದ ತೋಟದಲ್ಲಿದೆ ಅಂದರೆ ಆವತ್ತು ಕ್ಲಾಸಿನಲ್ಲೇ ಮಳೆ ಲೆಕ್ಕ ಮಾಡಿಸಿ.