ಗೋಡೆಯ ಮೇಲಿನ ಪೆನ್ಸಿಲ್ ಗೆರೆ

ಓದುಗರ ಪತ್ರ: ನನಗೆ 53 ವರ್ಷ, ಸಕ್ಕರೆ ಕಾಯಿಲೆ ಇದೆ. ಐದು ತಿಂಗಳಿಂದ ಬಲ ಭುಜ ಹಿಡಿದುಕೊಂಡಿದೆ. ತುರುಬು ಕಟ್ಟಲು ಮಗಳನ್ನು ಕರೆಯಬೇಕು. ಎಂದಿಗೆ ವಾಸಿಯಾಗುತ್ತದೆ ಎಂದು ಕೇಳಿದರೆ ವೈದ್ಯರು ‘ಹೇಳಲಾಗದು’ ಎನ್ನುತ್ತಾರೆ. ಕಲಿಸಿಕೊಟ್ಟ ವ್ಯಾಯಾಮವನ್ನು ‘ನಾಳೆಯಿಂದ’ ಎನ್ನುತ್ತ ದಿನ ದೂಡುತ್ತಿದ್ದೇನೆ. ನಾನು ಸೋಮಾರಿಯಾಗಿಬಿಟ್ಟೆನೇ?
— ಹೆಸರು ಬೇಡವೆಂದ ಓದುಗರು, ಹಾಸನ

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರ ಬಂದು ಏಳು ವಾರವಾಯಿತು. ಮೇಜಿನ ಮೇಲಿನ ಕಾಗದದ ರಾಶಿಯಲ್ಲಿ ಅದನ್ನು ಮೂರು ಸಲ ಅಡಿಗೆ ಸೇರಿಸಿದವನು ನಾನೇ. ಕೆಲಸ ಮುಂದೂಡುವ ಚಾಳಿಗೆ ಮದ್ದು ಕೇಳಿದ ನಿಮಗೆ ಇಂಥ ಸಂಪಾದಕನೇ ಸಿಗಬೇಕಿತ್ತೇ! ಪುರಸೊತ್ತಿಲ್ಲದೆ ಹಾಗೆ ಮಾಡಿದ್ದಲ್ಲ. ಮೂರು ವರ್ಷದ ಹಿಂದೆ ನನ್ನ ಎಡ ಭುಜಕ್ಕೂ ಇದೇ ಗತಿಯಾಗಿತ್ತು. ಉತ್ತರ ಬರೆಯಬೇಕಾದರೆ ಅದನ್ನೆಲ್ಲ ಕೆದಕಬೇಕಿತ್ತು.

ಮೊದಲು ನಿಮ್ಮ ವೈದ್ಯರ ಪರವಾಗಿ ಎರಡು ಮಾತು. ಇದಕ್ಕೆ ‘ಫ್ರೋಜನ್ ಶೋಲ್ಡರ್’ ಎಂದು ಹೆಸರಿಟ್ಟವರು ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್, 1934ರಲ್ಲಿ. ಇದು ಇಂಥದ್ದೆಂದು ಹೇಳುವುದೂ ಕಷ್ಟ, ವಾಸಿ ಮಾಡುವುದೂ ಕಷ್ಟ, ಯಾಕೆ ಬಂತೆಂದು ವಿವರಿಸುವುದೂ ಕಷ್ಟ ಎಂದು ಹೆಸರಿಟ್ಟವರೇ ಒಪ್ಪಿಕೊಂಡಿದ್ದರು. ಕೀಲನ್ನು ಸುತ್ತಿದ ಪೊರೆ ದಪ್ಪಗಾಗಿ ಬಿಗಿಯುತ್ತದೆ. ಮೊದಲು ನೋವು, ಆಮೇಲೆ ಬಿಗಿತ, ಕೊನೆಗೆ ನಿಧಾನವಾಗಿ ಸಡಿಲ. ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ. ನಲವತ್ತರಿಂದ ಅರವತ್ತರೊಳಗಿನವರಿಗೆ, ಅದರಲ್ಲೂ ಹೆಂಗಸರಿಗೆ ಮತ್ತು ಸಕ್ಕರೆ ಕಾಯಿಲೆಯವರಿಗೆ ಹೆಚ್ಚು. ‘ಹೇಳಲಾಗದು’ ಎಂದ ವೈದ್ಯರು ನುಣುಚಿಕೊಂಡಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದ್ದಾರೆ.

ಇನ್ನು ಸೋಮಾರಿತನ. ಸೋಮಾರಿಗೆ ಕೆಲಸ ಬಿಟ್ಟರೆ ಸುಖನಿದ್ದೆ ಬರುತ್ತದೆ; ನೀವು ನಿದ್ದೆಗೆಟ್ಟು ನನಗೆ ನಾಲ್ಕು ಪುಟ ಬರೆದಿದ್ದೀರಿ. ಮುಂದೂಡುವುದು ಹೊತ್ತಿಗೆ ಸಂಬಂಧಿಸಿದ್ದಲ್ಲ, ಆ ಕೆಲಸ ಎಬ್ಬಿಸುವ ಕಸಿವಿಸಿಯಿಂದ ತಪ್ಪಿಸಿಕೊಳ್ಳುವ ದಾರಿ ಎಂದು ಕೆನಡಾದ ಮನಶ್ಶಾಸ್ತ್ರಜ್ಞ ಟಿಮೊತಿ ಪಿಚಿಲ್ ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. ನಮ್ಮವರಿಗೆ ಇದು ಹೊಸದೇನಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದುದು ನಿಮಗೆ ನೆನಪಿರಬಹುದು. ರಾತ್ರಿ ಬಂದ ದೆವ್ವ ಅದನ್ನು ಓದಿ ಹಿಂದಿರುಗುತ್ತಿತ್ತಂತೆ, ಮರುರಾತ್ರಿಯೂ ಹಾಗೆಯೇ. (ಕನ್ನಡ ಓದಬಲ್ಲ, ಹೇಳಿದ ಮಾತು ಕೇಳುವ ದೆವ್ವ. ಚಂದಾದಾರನಾಗಿ ಸಿಕ್ಕಿದ್ದರೆ ಚೆನ್ನಾಗಿತ್ತು.) ಬರಹವೇನೋ ದೆವ್ವವನ್ನು ಹಿಂದೆ ಕಳಿಸುತ್ತಿತ್ತು, ಆದರೆ ಒಳಗಿದ್ದವರು ದಿನವೂ ಹೆಜ್ಜೆ ಸಪ್ಪಳಕ್ಕೆ ಕಿವಿಗೊಟ್ಟು ಮಲಗಬೇಕಿತ್ತು.

ನನ್ನ ದೆವ್ವ ಬಚ್ಚಲುಮನೆಯ ಪಕ್ಕದ ಗೋಡೆಯಲ್ಲಿತ್ತು. ಗೋಡೆಗೆ ಎದುರು ನಿಂತು ಬೆರಳುಗಳನ್ನು ಜೇಡದ ಹಾಗೆ ಮೇಲಕ್ಕೆ ಹತ್ತಿಸಬೇಕು ಎಂದು ಫಿಜಿಯೊಥೆರಪಿಯವರು ಕಲಿಸಿದ್ದರು. ನಾನೋ ಲೆಕ್ಕದ ಮನುಷ್ಯ. ಬೆರಳು ಮುಟ್ಟಿದಲ್ಲಿ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆದೆ. ಮೊದಲ ದಿನ ಕಿವಿಯ ಮಟ್ಟ. ನಾಲ್ಕನೆಯ ದಿನ ಒಂದು ಬೆರಳಿನಷ್ಟು ಮೇಲೆ. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಒಂಬತ್ತನೆಯ ದಿನ ಮೊದಲ ಗೆರೆಗಿಂತ ಕೆಳಗೆ! ಹತ್ತನೆಯ ದಿನದಿಂದ ಆ ಗೋಡೆಯ ಕಡೆಗೆ ತಲೆ ಎತ್ತಲಿಲ್ಲ. ನೋವನ್ನು ತಡೆದುಕೊಂಡಿದ್ದೆ, ಗೆರೆಯನ್ನು ತಡೆದುಕೊಳ್ಳಲಾಗಲಿಲ್ಲ. ವ್ಯಾಯಾಮ ಮಾಡದಿದ್ದರೆ ಕೈ ಎಷ್ಟು ಕೆಟ್ಟಿದೆ ಎಂಬುದೂ ಗೊತ್ತಾಗುವುದಿಲ್ಲವಲ್ಲ.

ಒಂದೂವರೆ ತಿಂಗಳ ನಂತರ ತಲೆ ತಗ್ಗಿಸಿಕೊಂಡು ಹೋದಾಗ ಫಿಜಿಯೊಥೆರಪಿಯವರು ಗದರಲಿಲ್ಲ. ‘ಪೆನ್ಸಿಲನ್ನು ಮನೆಯಾಕೆಯ ಕೈಗೆ ಕೊಡಿ, ತಿಂಗಳಿಗೊಮ್ಮೆ ಅವರು ಗುರುತು ಹಾಕಲಿ’ ಎಂದರು, ಅಷ್ಟೆ. ಆಮೇಲೆ ಉಳಿದದ್ದು ಮಾಡಿದೆನೋ ಇಲ್ಲವೋ ಎಂಬ ಲೆಕ್ಕ ಮಾತ್ರ. ಕಾಫಿ ಡಿಕಾಕ್ಷನ್ ಇಳಿಯುವ ಹೊತ್ತಿಗೆ ವ್ಯಾಯಾಮವನ್ನು ಗಂಟು ಹಾಕಿಕೊಂಡೆ. ಒಳ್ಳೆಯ ಕೈಯನ್ನು ಅಡುಗೆಕಟ್ಟೆಗೆ ಊರಿ, ಮುಂದಕ್ಕೆ ಬಾಗಿ, ನೋವಿನ ಕೈಯನ್ನು ಬಾವಿಗೆ ಇಳಿಬಿಟ್ಟ ಕೊಡದಂತೆ ಜೋತುಬಿಟ್ಟು ಮೆಲ್ಲಗೆ ತೂಗುವುದು. ಈ ವ್ಯಾಯಾಮವನ್ನು ಅದೇ ಕಾಡ್‌ಮನ್ ಹೆಸರಿನಿಂದ ಕರೆಯುತ್ತಾರೆ. ಮಾಡದೆ ಬಿಟ್ಟ ದಿನಗಳು ಬೇಕಾದಷ್ಟಿವೆ. ಬಿಟ್ಟ ಮರುದಿನ ಎರಡರಷ್ಟು ಮಾಡಲು ಹೋಗಿ ರಾತ್ರಿಯಿಡೀ ನರಳಿದ್ದೂ ಇದೆ. ಅದನ್ನು ಮಾತ್ರ ನೀವು ಮಾಡಬೇಡಿ. ರಕ್ತದ ಸಕ್ಕರೆಯನ್ನೂ ನೋಡಿಸಿಕೊಳ್ಳುತ್ತಿರಿ. ಯಾವ ವ್ಯಾಯಾಮ, ಎಷ್ಟು ಎಂಬುದನ್ನು ನಿಮ್ಮ ವೈದ್ಯರೇ ಹೇಳಲಿ.

ನನ್ನ ಕೈ ಇವತ್ತಿಗೂ ಬೆನ್ನ ಹಿಂದೆ ಪೂರ್ತಿ ಹೋಗುವುದಿಲ್ಲ. ಮೇಲಿನ ಕಪಾಟಿನ ಹಳೆಯ ಸಂಚಿಕೆಗಳು ಮಾತ್ರ ಸಿಗುತ್ತವೆ. ಕಳೆದ ಯುಗಾದಿಗೆ ಮನೆಗೆ ಬಣ್ಣ ಹೊಡೆಸಿದಾಗ ಆ ಗೆರೆಗಳಿದ್ದಷ್ಟು ಜಾಗ ಬಿಟ್ಟುಬಿಡಪ್ಪ ಎಂದಿದ್ದೆ. ಬಣ್ಣದವನು ಕೇಳಲಿಲ್ಲ.