ಅಮೆರಿಕದ ಮನೆಯ ಗ್ಯಾರೇಜ್ ಬಾಗಿಲಿಗೆ ಆಟೊಮ್ಯಾಟಿಕ್ ಓಪನರ್ ನಾವೇ ಕೂರಿಸಬಹುದೇ?

ಕೂರಿಸಬಹುದು, ಆದರೆ ಮೊದಲು ಬಾಗಿಲನ್ನೇ ಪರೀಕ್ಷಿಸಿ. ಕೈಯಿಂದ ಸೊಂಟದೆತ್ತರಕ್ಕೆ ಎತ್ತಿ ಮೆಲ್ಲಗೆ ಬಿಡಿ, ಅಲ್ಲೇ ನಿಲ್ಲಬೇಕು. ದಡಕ್ಕನೆ ಇಳಿದರೆ ಸ್ಪ್ರಿಂಗ್ ಸರಿಯಿಲ್ಲ. ಭಾರ ಹೊರುವುದು ಸ್ಪ್ರಿಂಗೇ ಹೊರತು ಮೋಟಾರ್ ಅಲ್ಲ. ಹಾಗೇ ಓಡಿಸಿದರೆ ಓಪನರ್‌ನ ಗೇರ್ ಬೇಗ ಸವೆಯುತ್ತದೆ. ಬಾಗಿಲ ಮೇಲಿನ ಟಾರ್ಷನ್ ಸ್ಪ್ರಿಂಗನ್ನು (ತಿರುಚಿ ಬಿಗಿದ ಸ್ಪ್ರಿಂಗ್) ಮಾತ್ರ ದಯವಿಟ್ಟು ಮುಟ್ಟಬೇಡಿ. ಅದರಲ್ಲಿ ಬಿಗಿದಿಟ್ಟ ಬಲ ಕೈ ಮುರಿಯಬಲ್ಲದು, ಜೀವವನ್ನೂ ತೆಗೆಯಬಲ್ಲದು. ತಂತ್ರಜ್ಞರನ್ನೇ ಕರೆಸಿ.

ಬಾಗಿಲಿಗೆ ಕಟ್ಟಿದ ಹಳೆಯ ಹಗ್ಗ ಬಿಚ್ಚಿ, ಚಿಲಕ ತೆಗೆಯಿರಿ. ಮೋಟಾರನ್ನು ಚಾವಣಿಯ ಮರದ ತೊಲೆಗೇ ಲ್ಯಾಗ್ ಸ್ಕ್ರೂ (ಮರಕ್ಕೆ ಹಾಕುವ ದಪ್ಪ ಸ್ಕ್ರೂ) ಹಾಕಿ ಬಿಗಿಯಿರಿ. ಬರೀ ಡ್ರೈವಾಲ್ (ತೊಲೆಯ ಮೇಲೆ ಹೊದಿಸಿದ ಜಿಪ್ಸಮ್ ಹಲಗೆ) ಅದರ ಅದಿರಾಟ ತಡೆಯದು. ಗೋಡೆಯ ಬಟನ್ ಮಕ್ಕಳ ಕೈಗೆಟುಕದಂತೆ ಕನಿಷ್ಠ 5 ಅಡಿ ಎತ್ತರದಲ್ಲಿರಲಿ. ಅಡ್ಡ ಏನಾದರೂ ಬಂದರೆ ಬಾಗಿಲು ಮುಚ್ಚದಂತೆ ತಡೆಯಲು ಅದರ ಎರಡು ಬದಿಗೆ ಎದುರುಬದುರಾಗಿ ಕೂರಿಸುವ ಸೆನ್ಸರ್ ಜೋಡಿ ನೆಲದಿಂದ 6 ಇಂಚಿಗಿಂತ ಮೇಲೆ ಹೋಗಬಾರದು, ತೆವಳುವ ಮಗುವೂ ಅದರ ಕಿರಣಕ್ಕೆ ಅಡ್ಡ ಬರಬೇಕಲ್ಲ! ಈ ಜೋಡಿಯಲ್ಲಿ ಕಿರಣ ಹಿಡಿಯುವ ರಿಸೀವರ್‌ಗೆ ನೇರ ಬಿಸಿಲು ಬಿದ್ದರೆ ಬಾಗಿಲು ಮುಚ್ಚದೆ ಹಟ ಮಾಡುತ್ತದೆ, ಅದನ್ನು ನೆರಳಿನ ಕಡೆ ಹಾಕಿ.

ಕೊನೆಗೆ ಒಂದೂವರೆ ಇಂಚು ದಪ್ಪದ ಹಲಗೆಯನ್ನು ಬಾಗಿಲ ಕೆಳಗೆ ಮಲಗಿಸಿ ಮುಚ್ಚಿ ನೋಡಿ. ತಗುಲಿದೊಡನೆ ಬಾಗಿಲು ಮೇಲೇರಬೇಕು. ಹಲಗೆಯ ಮೇಲೆ ಸುಮ್ಮನೆ ನಿಂತುಬಿಟ್ಟರೆ ಓಪನರ್‌ನ ಕೆಳಮಿತಿಯನ್ನು (ಬಾಗಿಲು ಎಲ್ಲಿಯವರೆಗೆ ಇಳಿಯಬೇಕೆಂಬ ಸೆಟ್ಟಿಂಗ್) ತುಸು ಇಳಿಸಿ. ಒತ್ತುತ್ತಲೇ ಇದ್ದರೆ ಓಪನರ್ ಒತ್ತುವ ಬಲದ ಸೆಟ್ಟಿಂಗ್ ತಗ್ಗಿಸಿ. ಈ ಪರೀಕ್ಷೆ ಪ್ರತಿ ತಿಂಗಳೂ ಆಗಬೇಕು.