ಡೊಂಬಿವಲಿಯ ಟೆರೇಸಿನಿಂದ ಆರ್ದ್ರಾ ನಕ್ಷತ್ರದ ಬೆಳಕು ಅಳೆಯಬಹುದೇ?

ಪ್ರಶ್ನೆ: ಆರ್ದ್ರಾ ನಕ್ಷತ್ರ ಇನ್ನೇನು ಸಿಡಿಯಲಿದೆ ಎಂಬ ಸುದ್ದಿ ಆಗಾಗ ಮೊಬೈಲಿಗೆ ಬರುತ್ತದೆ. ಒಂಬತ್ತನೇ ತರಗತಿಯ ನನ್ನ ಮಗಳು ಟೆರೇಸಿನಿಂದ ನೋಡಿ, ಅದು ಮೊದಲಿಗಿಂತ ಮಂಕಾಗಿದೆ ಎನ್ನುತ್ತಾಳೆ. ಇದು ನಿಜವೋ, ಇಲ್ಲಿನ ಹೊಗೆಯ ಕಾರಣವೋ? ದೂರದರ್ಶಕವಿಲ್ಲದೆ ತಿಳಿಯಬಹುದೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಖಂಡಿತ ತಿಳಿಯಬಹುದು. ಆರ್ದ್ರಾ, ಅಂದರೆ ಬೀಟಲ್‌ಜ್ಯೂಸ್, ಬೆಳಕು ಏರಿಳಿಯುವ ಕೆಂಪು ಮಹಾದೈತ್ಯ. ಇಂಗ್ಲೆಂಡಿನ ಖಗೋಳವಿಜ್ಞಾನಿ ಜಾನ್ ಹರ್ಷೆಲ್ 1836ರಲ್ಲಿ ಈ ಏರಿಳಿತವನ್ನು ಗುರುತಿಸಿದ್ದೂ ಬರಿಗಣ್ಣಿನಿಂದಲೇ. ಸೂರ್ಯನ ಜಾಗದಲ್ಲಿ ಈ ನಕ್ಷತ್ರವನ್ನಿಟ್ಟರೆ ಭೂಮಿಯನ್ನು ನುಂಗಿ ಮಂಗಳನ ಕಕ್ಷೆಯನ್ನೂ ದಾಟೀತು. ಅಷ್ಟು ದೊಡ್ಡ ಒಡಲು ಸುಮಾರು 400 ದಿನಗಳಿಗೊಮ್ಮೆ ಹಿಗ್ಗಿ ಕುಗ್ಗುತ್ತದೆ. ಸುಮಾರು ಆರು ವರ್ಷಗಳ ಇನ್ನೊಂದು ನಿಧಾನದ ಏರಿಳಿತವೂ ಇದೆ. ಹಾಗಾಗಿ ವಾರಗಟ್ಟಲೆ ನೋಡಿ ಕಂಡ ಬದಲಾವಣೆ ನಿಜವಿರಬಹುದು. ನಿನ್ನೆಗೂ ಇವತ್ತಿಗೂ ಕಂಡ ವ್ಯತ್ಯಾಸ ಮಾತ್ರ ಹೊಗೆಯದೇ ಇದ್ದೀತು.

ಎರಡನ್ನೂ ಬೇರ್ಪಡಿಸುವುದು ಹೋಲಿಕೆಯಿಂದ. ಫೆಬ್ರವರಿ ಮಧ್ಯದಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಆರ್ದ್ರಾ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತದೆ. ಅದರ ಪಶ್ಚಿಮಕ್ಕೆ ರೋಹಿಣಿ, ಪೂರ್ವಕ್ಕೆ ಪ್ರೋಸಿಯಾನ್. ಮೂರೂ ಎತ್ತರದಲ್ಲಿರುವುದರಿಂದ ಹೊಗೆ ಮೂರನ್ನೂ ಬಹುಮಟ್ಟಿಗೆ ಒಂದೇ ರೀತಿ ಮಸುಕಾಗಿಸುತ್ತದೆ. ಪ್ರೋಸಿಯಾನಿನ ಕಾಂತಿಮಾನ, ಅಂದರೆ ಹೊಳಪಿನ ಅಳತೆ, 0.4, ರೋಹಿಣಿಯದು 0.9, ಅಂಕಿ ಹೆಚ್ಚಿದಷ್ಟೂ ಬೆಳಕು ಕಡಿಮೆ. ಆರ್ದ್ರಾ ಇವೆರಡರ ನಟ್ಟನಡುವೆ ಎನಿಸಿದರೆ 0.6 ಅಥವಾ 0.7 ಎಂದು ಬರೆದುಕೊಳ್ಳಲಿ. ಕೆಂಪು ನಕ್ಷತ್ರವನ್ನು ದಿಟ್ಟಿಸಿದಷ್ಟೂ ಅದು ಇದ್ದದ್ದಕ್ಕಿಂತ ಪ್ರಕಾಶಮಾನವಾಗಿ ಕಾಣುತ್ತದೆ. ಆದ್ದರಿಂದ ಒಂದೊಂದನ್ನೂ ಕ್ಷಣ ಮಾತ್ರ ನೋಡಿ ಕಣ್ಣು ಹೊರಳಿಸಬೇಕು. ಹತ್ತು ದಿನಕ್ಕೊಮ್ಮೆ ನೋಡಿದರೆ ಸಾಕು. ದಿನಾಂಕ, ಗಂಟೆ, ಅಂದಾಜು, ಆಕಾಶದ ಸ್ಥಿತಿ ಇಷ್ಟು ನೋಟ್‌ಬುಕ್ಕಿನಲ್ಲಿರಲಿ. ಹೀಗೆ ಬೆಳಕು ಏರಿಳಿಯುವ ವಿಕಾರಿ ನಕ್ಷತ್ರಗಳ ವೀಕ್ಷಕರಿಗೆಂದೇ 1911ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಎಎವಿಎಸ್ಒ ಸಂಸ್ಥೆ ಹವ್ಯಾಸಿಗಳ ಇಂಥ ಅಂದಾಜುಗಳನ್ನೂ ಸ್ವೀಕರಿಸುತ್ತದೆ. ಶಾಲಾ ಹುಡುಗಿಯ ನೋಟಕ್ಕೂ ಅಲ್ಲಿ ಬೆಲೆಯಿದೆ.

ಇನ್ನು ಸಿಡಿಯುವ ಮಾತು. 2019ರ ಕೊನೆಯಲ್ಲಿ ಆರ್ದ್ರಾ ಸೊರಗುತ್ತಾ ಬಂದು 2020ರ ಫೆಬ್ರವರಿಯಲ್ಲಿ 1.6ಕ್ಕೆ ಇಳಿಯಿತು. ಬೆಳಕು ಎಂದಿನ ಮೂರನೇ ಒಂದರಷ್ಟಾಗಿ, ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಎರಡು ಭುಜಗಳು, ಆರ್ದ್ರಾ ಮತ್ತು ಬೆಲಾಟ್ರಿಕ್ಸ್, ಸರಿಸಮವಾಗಿ ಕಂಡವು. ಸುದ್ದಿಯೆಲ್ಲ ಅಲ್ಲಿಂದ ಹಬ್ಬಿದ್ದು. ನಡೆದದ್ದು ಬೇರೆ: ಗಂಜಿ ಕುದಿಯುವಾಗ ಗುಳ್ಳೆ ಒಡೆದು ಸಿಡಿಯುವಂತೆ, ನಕ್ಷತ್ರದ ಮೇಲ್ಮೈಯಿಂದ ಭಾರಿ ಪ್ರಮಾಣದ ಅನಿಲ ಹೊರಚಿಮ್ಮಿತು. ಅದು ದೂರ ಸರಿದು ತಣ್ಣಗಾಗಿ ಧೂಳಾಯಿತು, ಆ ಧೂಳು ನಮ್ಮ ಕಡೆಯ ಬೆಳಕಿಗೆ ಅಡ್ಡ ಬಂತು. ಕೆಲವೇ ತಿಂಗಳಲ್ಲಿ ಹೊಳಪು ಮರಳಿತು. ಆರ್ದ್ರಾ ಒಂದು ದಿನ ಸೂಪರ್‌ನೋವಾ ಆಗಿ ಸಿಡಿಯುವುದು ನಿಶ್ಚಿತ, ಆದರೆ ಅದು ಮುಂದಿನ ಒಂದು ಲಕ್ಷ ವರ್ಷಗಳ ಒಳಗೆ ಯಾವಾಗಲಾದರೂ ಎಂಬ ಲೆಕ್ಕದ ಮಾತು. ನಮ್ಮಿಂದ ಐನೂರು ಜ್ಯೋತಿರ್ವರ್ಷಕ್ಕೂ ದೂರವಿರುವುದರಿಂದ ಭೂಮಿಗೆ ಅಪಾಯವಿಲ್ಲ. ಹೆದರಿಸುವ ಸುದ್ದಿಗಳನ್ನು ಮಕ್ಕಳಿಗೆ ದಾಟಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಮೇ ಮಧ್ಯದ ನಂತರ ವೀಕ್ಷಣೆ ನಿಲ್ಲಿಸಬೇಕಾಗುತ್ತದೆ. ಊರಿನಲ್ಲಿ ಆರಿದ್ರಾ ಮಳೆ ಎನ್ನುತ್ತೇವಲ್ಲ, ಆ ಜೂನ್ ಕೊನೆಯ ದಿನಗಳಲ್ಲಿ ಸೂರ್ಯ ಇದೇ ನಕ್ಷತ್ರದ ದಿಕ್ಕಿನಲ್ಲಿರುತ್ತಾನೆ. ಮೋಡವಿಲ್ಲದಿದ್ದರೂ ಆಗ ಅದು ಕಾಣದು. ಸೆಪ್ಟೆಂಬರ್ ಕೊನೆಗೆ ಮಳೆ ಬಿಟ್ಟ ಮೇಲೆ ಬೆಳಗಿನ ಜಾವ ನಾಲ್ಕಕ್ಕೆ ಪೂರ್ವದಲ್ಲಿ ಹುಡುಕಿ, ಅಲ್ಲಿಂದ ದಾಖಲೆ ಮುಂದುವರಿಸಲಿ.